ಗಿಡ್ಡ ನಾಯಿಯ ಅಳತೆ

ಮಹಾಭಾರತದ ಆದಿಪರ್ವದಲ್ಲಿ ಪೌಷ್ಯೋಪಾಖ್ಯಾನವು ಒಂದು ನಾಯಿಮರಿಯ ಅಳುವಿನಿಂದ ಮೊದಲಾಗುತ್ತದೆ. ಜನಮೇಜಯರಾಯನು ತಮ್ಮಂದಿರೊಡಗೂಡಿ ಕುರುಕ್ಷೇತ್ರದಲ್ಲಿ ದೀರ್ಘಸತ್ರವನ್ನು ನಡೆಸುತ್ತಿದ್ದಾಗ, ದೇವಲೋಕದ ಹೆಣ್ಣುನಾಯಿಯಾದ ಸರಮೆಯ ಮಗನು ಅಲ್ಲಿಗೆ ಬಂದನು. ರಾಜನ ತಮ್ಮಂದಿರು ಅವನನ್ನು ಹೊಡೆದರು. ಅವನು ಅಳುತ್ತ ತಾಯಿಯ ಬಳಿಗೆ ಓಡಿದನು. ನೀನೇನಾದರೂ ತಪ್ಪುಮಾಡಿರಬೇಕೆಂದು ತಾಯಿ ಹೇಳಲು, ಹವಿಸ್ಸನ್ನು ತಾನು ನೆಕ್ಕಲಿಲ್ಲ, ಅದರ ಕಡೆಗೆ ನೋಡಲೂ ಇಲ್ಲವೆಂದು ಮರಿಯು ಉತ್ತರಕೊಟ್ಟಿತು. ಸರಮೆಯು ಯಜ್ಞಶಾಲೆಗೆ ಬಂದು, ತಪ್ಪಿಲ್ಲದ ತನ್ನ ಮಗನನ್ನು ಏಕೆ ಹೊಡೆದಿರೆಂದು ಕೇಳಿದಳು. ಅವರು ಏನೂ ಹೇಳಲಿಲ್ಲ. ಆಗ ಅವಳು, ಕಾಣದ ಕಡೆಯಿಂದ ನಿಮಗೆ ಭಯವು ಬರಲಿ ಎಂದು ಶಪಿಸಿದಳು.

ಈ ಕಥೆಯಲ್ಲಿ ಪೆಟ್ಟಿಗಿಂತಲೂ ಹೆಚ್ಚಾಗಿ ಗಮನಿಸತಕ್ಕದ್ದು ಆ ಮೌನ. ಸರಮೆಯು ದಂಡವನ್ನು ಬೇಡಲಿಲ್ಲ, ಪರಿಹಾರವನ್ನು ಬೇಡಲಿಲ್ಲ, ಕಾರಣವನ್ನು ಕೇಳಿದಳು. ಮೂಕಪ್ರಾಣಿಯನ್ನು ತನ್ನ ವಶದಲ್ಲಿಟ್ಟುಕೊಂಡ ಮನುಷ್ಯನು ಆ ಪ್ರಾಣಿಗೆ ಮಾಡುವ ಪ್ರತಿಯೊಂದು ಕೆಲಸಕ್ಕೂ ಇಂತಹ ಒಂದು "ಏಕೆ?" ಎಂಬ ಪ್ರಶ್ನೆಯು ಕಾದಿರುತ್ತದೆ. ಹೊಡೆಯುವವನಿಗೆ ಆ ಪ್ರಶ್ನೆಯು ಕೇಳಿಸುವುದು ಸುಲಭ; ಆಡಿಸುವವನಿಗೆ ಕೇಳಿಸುವುದು ಕಷ್ಟ. ತಾನು ಪ್ರಾಣಿಯನ್ನು ಸಂತೋಷಪಡಿಸುತ್ತಿದ್ದೇನೆಂಬ ನಂಬಿಕೆಯಲ್ಲಿ ಅವನು ಇರುತ್ತಾನೆ. ಆ ನಂಬಿಕೆಯು ನಿಜವೇ ಆಗಿರಬಹುದು. ಆದರೂ ಪರೀಕ್ಷಿಸದ ನಂಬಿಕೆಯನ್ನು ಉತ್ತರವೆನ್ನಲಾಗದು. ಪಾಶ್ಚಾತ್ಯ ದೇಶಗಳಲ್ಲಿ ಸುಮಾರು ಐವತ್ತು ವರ್ಷಗಳಿಂದ ಬೆಳೆದುಬಂದಿರುವ ಒಂದು ಆಟವನ್ನು ಮುಂದಿಟ್ಟುಕೊಂಡು ಈ ಪ್ರಶ್ನೆಯನ್ನು ವಿಚಾರಮಾಡಬಹುದು. ಆ ಆಟದ ಒಂದು ನಿಯಮದಲ್ಲಿಯೇ ಉತ್ತರದ ಬೀಜವೂ ಅಡಗಿದೆ.

ಆಟದ ಹೆಸರು ಫ್ಲೈಬಾಲ್. ಅದು ನಾಲ್ಕು ನಾಯಿಗಳ ತಂಡವು ಸರದಿಯಂತೆ ಓಡುವ ಪಂದ್ಯ. ಎರಡು ತಂಡಗಳು ಪಕ್ಕಪಕ್ಕದ ಎರಡು ನೇರವಾದ ಪಥಗಳಲ್ಲಿ ಏಕಕಾಲಕ್ಕೆ ಓಡುತ್ತವೆ. ಹೊರಡುವ ಗೆರೆಯಿಂದ ೬ ಅಡಿ ದೂರದಲ್ಲಿ ಮೊದಲನೆಯ ಅಡ್ಡಹಲಗೆ. ಅಲ್ಲಿಂದಾಚೆಗೆ ಹತ್ತು ಹತ್ತು ಅಡಿಗೆ ಒಂದರಂತೆ ಇನ್ನು ಮೂರು ಹಲಗೆಗಳು. ಕಡೆಯ ಹಲಗೆಯಿಂದ ೧೫ ಅಡಿ ಆಚೆಗೆ ಒಂದು ಪೆಟ್ಟಿಗೆ. ಹೀಗೆ ಒಟ್ಟು ದೂರವು ೫೧ ಅಡಿ. ಪೆಟ್ಟಿಗೆಯ ಮುಂಭಾಗವು ಓರೆಯಾಗಿರುತ್ತದೆ. ನಾಯಿಯು ಅದರ ಮೇಲೆ ಕಾಲೂರಿದೊಡನೆ ಒಳಗಿನ ಸ್ಪ್ರಿಂಗು ಬಿಟ್ಟು ಒಂದು ಟೆನ್ನಿಸ್ ಚೆಂಡು ಹೊರಕ್ಕೆ ಚಿಮ್ಮುತ್ತದೆ. ಚೆಂಡನ್ನು ಬಾಯಲ್ಲಿ ಹಿಡಿದು, ಅದೇ ನಾಲ್ಕು ಹಲಗೆಗಳನ್ನು ಮರಳಿ ಹಾರಿ, ನಾಯಿಯು ಗೆರೆಯನ್ನು ದಾಟಬೇಕು. ಅದು ದಾಟಿದ ಮೇಲೆಯೇ ಮುಂದಿನ ನಾಯಿಯು ಗೆರೆಯನ್ನು ದಾಟತಕ್ಕದ್ದು. ಒಂದು ಬರುತ್ತ ಮತ್ತೊಂದು ಹೋಗುತ್ತ, ಎರಡು ಮೂಗುಗಳು ಸರಿಯಾಗಿ ಗೆರೆಯ ಮೇಲೆಯೇ ಸಂಧಿಸಿದರೆ ಅದು ಅತ್ಯುತ್ತಮವಾದ ಬದಲಾವಣೆ. ಚೆಂಡನ್ನು ನಡುವೆ ಕೈಬಿಟ್ಟ ನಾಯಿಯೂ, ಹಲಗೆಯನ್ನು ಬಿಟ್ಟು ಬಳಸಿಬಂದ ನಾಯಿಯೂ, ಅವಸರದಿಂದ ಮುಂಚೆಯೇ ಹೊರಟ ನಾಯಿಯೂ ಉಳಿದವುಗಳ ಓಟ ಮುಗಿದ ಬಳಿಕ ಮತ್ತೊಮ್ಮೆ ಓಡಬೇಕು. ಬಹಳ ನುರಿತ ತಂಡಗಳಲ್ಲಿ ನಾಲ್ಕು ನಾಯಿಗಳ ಓಟವೂ ಸೇರಿ ಸುಮಾರು ೧೫ ಸೆಕೆಂಡುಗಳಲ್ಲಿ ಮುಗಿದುಹೋಗುತ್ತದೆ.

ಈ ಆಟವು ಹುಟ್ಟಿದುದು ಅಮೆರಿಕದ ಕ್ಯಾಲಿಫೋರ್ನಿಯ ಪ್ರಾಂತದ ದಕ್ಷಿಣಭಾಗದಲ್ಲಿ. ಚೆಂಡನ್ನು ಚಿಮ್ಮಿಸುವ ಮೊದಲ ಪೆಟ್ಟಿಗೆಯನ್ನು ಮಾಡಿದವರು ಹರ್ಬರ್ಟ್ ವ್ಯಾಗ್ನರ್ ಎಂಬವರೆಂದು ಹೇಳುತ್ತಾರೆ. ಅವರು ಅದನ್ನು ೧೯೭೦ರ ದಶಕದಲ್ಲಿ ಜಾನಿ ಕಾರ್ಸನ್ನರ ಹೆಸರಾಂತ ದೂರದರ್ಶನ ಕಾರ್ಯಕ್ರಮದಲ್ಲಿ ತೋರಿಸಿದ ಮೇಲೆ ನಾಯಿಗಳನ್ನು ಪಳಗಿಸುವವರಲ್ಲಿ ಅದರ ಹೆಸರು ಹರಡಿತು. ಮೊದಲ ಪಂದ್ಯಾಟವು ೧೯೮೩ರಲ್ಲಿ ನಡೆಯಿತು. ಮರುವರ್ಷ, ೧೯೮೪ರಲ್ಲಿ, ಅಮೆರಿಕದ ಮಿಷಿಗನ್ ಮತ್ತು ಕೆನಡದ ಆಂಟೇರಿಯೊ ಪ್ರಾಂತಗಳ ತಂಡಗಳು ಒಟ್ಟುಗೂಡಿ ಉತ್ತರ ಅಮೆರಿಕದ ಫ್ಲೈಬಾಲ್ ಸಂಘವನ್ನು ಕಟ್ಟಿದುವು. ಬ್ರಿಟನ್ನಿನ ಸಂಘವು ೧೯೯೪ರಲ್ಲಿ ಸ್ಥಾಪಿತವಾಯಿತು. ಜಾತಿಯ ಶುದ್ಧಿಯನ್ನು ಈ ಆಟವು ಕೇಳುವುದಿಲ್ಲ. ಕುರಿಕಾಯುವ ಬಾರ್ಡರ್ ಕಾಲಿಯೂ, ಇಲಿಹಿಡಿಯುವ ಚಿಕ್ಕ ಟೆರಿಯರ್ ನಾಯಿಯೂ, ಬೀದಿಯಿಂದ ತಂದು ಸಾಕಿದ ಬೆರಕೆ ನಾಯಿಯೂ ಒಂದೇ ತಂಡದಲ್ಲಿ ಓಡಬಹುದು.

ಹೊಸ ನಾಯಿಯನ್ನೂ ಅದರ ಒಡೆಯನನ್ನೂ ಈ ಆಟಕ್ಕೆ ಬರಮಾಡಿಕೊಳ್ಳುವ ಕ್ರಮವನ್ನು ನೋಡಿದರೆ, ಅದು ಅಕ್ಷರಾಭ್ಯಾಸದಂತೆ ಮೆಟ್ಟಲುಮೆಟ್ಟಲಾಗಿ ಏರತಕ್ಕದ್ದೆಂದು ತಿಳಿಯುತ್ತದೆ. ಮೊದಲ ಪಾಠದಲ್ಲಿ ಚೆಂಡೂ ಇಲ್ಲ, ಪೆಟ್ಟಿಗೆಯೂ ಇಲ್ಲ. ಕಲಿಸುವವರು ನಾಯಿಯ ಎದೆಗೆ ಕೈಕೊಟ್ಟು ಹಿಡಿದು ನಿಲ್ಲುತ್ತಾರೆ. ಒಡೆಯನು ಅದಕ್ಕೆ ಮುಖವನ್ನು ತೋರಿಸಿ, ಹೆಸರುಹಿಡಿದು ಕರೆಯುತ್ತ, ಬೆನ್ನುತಿರುಗಿಸಿ ಓಡುತ್ತಾನೆ. ಬಿಟ್ಟೊಡನೆ ನಾಯಿಯು ಅವನ ಹಿಂದೆ ಬಾಣದಂತೆ ಓಡುತ್ತದೆ. ಆ ಬಳಿಕ ನಡುವೆ ಒಂದು ಹಲಗೆಯನ್ನು ಇಡುತ್ತಾರೆ. ಅದು ರೂಢಿಯಾದ ಮೇಲೆ ಎರಡು, ಮೂರು, ನಾಲ್ಕು. ಓಡಿಬಂದ ನಾಯಿಗೆ ಜಗ್ಗಾಡಲು ಒಂದು ಹಗ್ಗವೋ, ಒಂದು ತುಣುಕು ತಿಂಡಿಯೋ ದೊರೆಯುತ್ತದೆ. ಒಟ್ಟಿನಲ್ಲಿ ಈ ಪಾಠಕ್ಕೆ ಆಧಾರವಾದುದು ಒಂದೇ ಸಂಗತಿ. ಒಡೆಯನು ದೂರ ಸರಿದರೆ ನಾಯಿಯು ಅವನನ್ನು ಸೇರಲು ಬಯಸುತ್ತದೆ. ಆ ಪ್ರೀತಿಯು ಇಲ್ಲದ ಕಡೆ ಯಾವ ಉಪಾಯದಿಂದಲೂ ಈ ಆಟವನ್ನು ಕಲಿಸಲಾಗದು.

ಪೆಟ್ಟಿಗೆಯ ಪಾಠವು ಬೇರೆಯಾಗಿ ನಡೆಯುತ್ತದೆ. ವೇಗವಾಗಿ ಬಂದ ನಾಯಿಯು ಪೆಟ್ಟಿಗೆಗೆ ಮುಂಗಾಲುಗಳನ್ನು ನೇರವಾಗಿ ಅಪ್ಪಳಿಸಿ ಅಲ್ಲಿಯೇ ತಿರುಗಿದರೆ, ಮಣಿಕಟ್ಟಿಗೂ ಹೆಗಲಿಗೂ ಪೆಟ್ಟಾಗುತ್ತದೆ. ಆದುದರಿಂದ ಈಗಿನ ಶಿಕ್ಷಕರು, ಈಜುಗಾರನು ಕೊಳದ ಗೋಡೆಯನ್ನು ಮೆಟ್ಟಿ ತಿರುಗುವಂತೆ, ನಾಯಿಯು ಪಕ್ಕವಾಗಿ ಹಾರಿ ನಾಲ್ಕು ಕಾಲುಗಳನ್ನೂ ಓರೆಹಲಗೆಯ ಮೇಲಿಟ್ಟು ಹಿಂದಿರುಗುವುದನ್ನು ಕಲಿಸುತ್ತಾರೆ. ಅದಕ್ಕಾಗಿ ಮೊದಲು ತಗ್ಗಾದ ಒಂದು ಓರೆಹಲಗೆಯನ್ನಿಟ್ಟು, ಚೆಂಡಿಲ್ಲದೆ, ಓಟವಿಲ್ಲದೆ, ಆ ತಿರುವನ್ನು ಮಾತ್ರ ಮತ್ತೆಮತ್ತೆ ಮಾಡಿಸುತ್ತಾರೆ. ಅದು ನೆಲೆಗೊಳ್ಳುವುದಕ್ಕೆ ತಿಂಗಳುಗಳೇ ಹಿಡಿಯಬಹುದು. ಕಡೆಯದಾಗಿ ಬರುವುದು ಎದುರುಬದುರಿನ ಪಾಠ. ಪೂರ್ಣವೇಗದಲ್ಲಿ ಎದುರಿಗೆ ಬರುವ ಪರರ ನಾಯಿಯನ್ನು ಕಂಡೂ, ಅದರ ಬಾಯಲ್ಲಿ ಚೆಂಡನ್ನು ಕಂಡೂ, ಕಚ್ಚದೆ ಕೆಣಕದೆ ಪಕ್ಕದಲ್ಲಿ ಹಾದುಹೋಗುವುದು ನಾಯಿಗೆ ಸಾಮಾನ್ಯವಾದ ಸಂಯಮವಲ್ಲ. ಪಕ್ಕದ ಪಥದ ನಾಯಿಗೆ ಅಡ್ಡಬಂದರೆ ತಂಡವು ಆ ಸುತ್ತನ್ನೇ ಕಳೆದುಕೊಳ್ಳುತ್ತದೆ.

ಇಷ್ಟರಲ್ಲಿ ಒಡೆಯನು ಕಲಿಯತಕ್ಕದ್ದು ನಾಯಿಯು ಕಲಿಯತಕ್ಕದ್ದಕ್ಕಿಂತ ಕಡಿಮೆಯಾದುದಲ್ಲ. ಯಾವ ಕ್ಷಣದಲ್ಲಿ ಕೊರಳಪಟ್ಟಿಯನ್ನು ಬಿಡಬೇಕು, ಯಾವ ದನಿಯಲ್ಲಿ ಕರೆಯಬೇಕು, ಎಷ್ಟು ಬಾರಿ ಮಾಡಿಸಿ ನಿಲ್ಲಿಸಬೇಕು, ಇವೆಲ್ಲವನ್ನೂ ಅವನು ಅರಿಯಬೇಕು. ಪಂದ್ಯದ ಅಂಗಳವು ಬೊಗಳುವಿಕೆಯಿಂದ ತುಂಬಿರುತ್ತದೆ. ಆ ಗದ್ದಲಕ್ಕೆ ಹಿಗ್ಗುವ ನಾಯಿಗಳೂ ಉಂಟು, ಕುಗ್ಗುವ ನಾಯಿಗಳೂ ಉಂಟು. ಬಾಲವನ್ನು ಮಡಿಸಿಕೊಂಡು, ಕಿವಿಯನ್ನು ಹಿಂದಕ್ಕೆಳೆದು, ಒಡೆಯನ ಕಾಲುಗಳ ನಡುವೆ ಅಡಗುವ ನಾಯಿಯನ್ನು ಕಂಡ ಮೇಲೂ, "ನಾಳೆ ರೂಢಿಯಾದೀತು" ಎಂದು ಎಳೆದುತರುವ ಒಡೆಯನು ತನ್ನ ಮೊದಲ ಪಾಠದಲ್ಲಿಯೇ ತಪ್ಪಿದವನು.

ಇಲ್ಲಿ ಒಂದು ಪೂರ್ವಪಕ್ಷವು ಏಳುತ್ತದೆ. ಇದೆಲ್ಲವೂ ಮನುಷ್ಯನ ಆಡಂಬರವಲ್ಲವೆ? ಗೆಲವೆಂದರೇನು, ತಂಡವೆಂದರೇನು, ಸೆಕೆಂಡೆಂದರೇನು ಎಂಬುದನ್ನು ನಾಯಿಯು ಅರಿಯದು. ಅರಿಯದವನನ್ನು ಪಂದ್ಯಕ್ಕೆ ನಿಲ್ಲಿಸುವುದು ನ್ಯಾಯವೆ? ನಾಯಿಗಳ ಓಟದಿಂದ ಮನುಷ್ಯನು ಮಾಡಿಕೊಂಡ ಲಾಭದ ಚರಿತ್ರೆಯೂ ಒಳ್ಳೆಯದಲ್ಲ. ಯಂತ್ರದ ಮೊಲವನ್ನು ಮುಂದೆ ಓಡಿಸಿ, ಗ್ರೇಹೌಂಡ್ ನಾಯಿಗಳನ್ನು ಅಟ್ಟಿಸಿ, ಅವುಗಳ ಮೇಲೆ ಜೂಜುಕಟ್ಟುವ ವ್ಯಾಪಾರವು ಇಪ್ಪತ್ತನೆಯ ಶತಮಾನದಲ್ಲಿ ಬಹುದೊಡ್ಡದಾಗಿ ಬೆಳೆಯಿತು. ಅದರ ನಾಯಿಗಳ ಪಾಡನ್ನು ಕಂಡು ಜನರು ಬೇಸತ್ತರು. ಅಮೆರಿಕದ ಫ್ಲಾರಿಡ ಪ್ರಾಂತದ ಮತದಾರರು ೨೦೧೮ರಲ್ಲಿ ಅದನ್ನು ನಿಷೇಧಿಸಲು ಮತಕೊಟ್ಟರು. ೨೦೨೦ರ ಕೊನೆಗೆ ಅಲ್ಲಿಯ ಓಟದ ಬಯಲುಗಳು ಮುಚ್ಚಿದುವು. ಮೊಲವಾದರೇನು, ಚೆಂಡಾದರೇನು? ಎರಡರಲ್ಲಿಯೂ ನಾಯಿಯ ಸಹಜವಾದ ಬೆನ್ನಟ್ಟುವ ಗುಣವನ್ನು ಹಿಡಿದುಕೊಂಡು ಮನುಷ್ಯನು ತನ್ನ ಕಾರ್ಯವನ್ನು ಸಾಧಿಸಿಕೊಳ್ಳುತ್ತಾನೆಂಬುದು ಈ ಪಕ್ಷದವರ ವಾದ.

ಈ ವಾದಕ್ಕೆ ಆಟದವರು ಸಾಮಾನ್ಯವಾಗಿ ಕೊಡುವ ಉತ್ತರವೆಂದರೆ, ನಾಯಿಯು ಇಷ್ಟಪಟ್ಟು ಓಡುತ್ತದೆ ಎಂಬುದು. ಅದು ಸುಳ್ಳಲ್ಲ. ಸರದಿಗಾಗಿ ಕಾಯುತ್ತಿರುವ ನಾಯಿಯನ್ನು ಕಂಡವರು ಅದರ ಉತ್ಸಾಹವನ್ನು ಸಂದೇಹಿಸಲಾರರು. ಅದು ಕುಣಿಯುತ್ತದೆ, ಕೂಗುತ್ತದೆ, ಹಿಡಿದ ಕೈಯಿಂದ ಕಿತ್ತುಕೊಳ್ಳಲು ಹೆಣಗುತ್ತದೆ. ಗೆಲವನ್ನು ಅರಿಯದಿದ್ದರೂ ಚೆಂಡನ್ನೂ, ಓಟವನ್ನೂ, ಓಟದ ಕೊನೆಯಲ್ಲಿ ತನ್ನವರನ್ನೂ ಅದು ಚೆನ್ನಾಗಿ ಅರಿಯುತ್ತದೆ. ಇದರಲ್ಲಿ ಜೂಜಿನ ಹಣವೂ ಇಲ್ಲ. ದಿನದ ಕೊನೆಗೆ ನಾಯಿಯು ಹಿಂದಿರುಗುವುದು ತನ್ನ ಮನೆಗೇ ಹೊರತು ಯಾವನೋ ವ್ಯಾಪಾರಿಯ ಗೂಡಿಗಲ್ಲ. ಈ ವ್ಯತ್ಯಾಸಗಳು ಅಲ್ಪವಾದುವಲ್ಲ. ಆದರೆ ಇಷ್ಟಪಟ್ಟು ಓಡುತ್ತದೆ ಎಂಬುದೊಂದೇ ಸರಮೆಯ ಪ್ರಶ್ನೆಗೆ ಸಾಕಾದ ಉತ್ತರವೆ? ಇಲ್ಲಿ ನ್ಯಾಯಶಾಸ್ತ್ರದ ಒಂದು ವಿವೇಚನೆಯು ಉಪಯೋಗಕ್ಕೆ ಬರುತ್ತದೆ.

ಯಾವನಾದರೂ ಒಂದು ಕಾರ್ಯದಲ್ಲಿ ಪ್ರವೃತ್ತನಾಗಬೇಕಾದರೆ ಅವನಿಗೆ ಮೂರು ವಿಧವಾದ ಅರಿವು ಇರಬೇಕೆಂದು ನೈಯಾಯಿಕರು ಹೇಳುತ್ತಾರೆ. ಇದು ತನ್ನ ಪ್ರಯತ್ನದಿಂದ ಆಗತಕ್ಕದ್ದು ಎಂಬ ಅರಿವು ಮೊದಲನೆಯದು, ಅದನ್ನು ಕೃತಿಸಾಧ್ಯತಾಜ್ಞಾನವೆನ್ನುತ್ತಾರೆ. ಇದು ತನ್ನ ಇಷ್ಟಕ್ಕೆ ಸಾಧನವೆಂಬ ಅರಿವು ಎರಡನೆಯದು; ಅದು ಇಷ್ಟಸಾಧನತಾಜ್ಞಾನ. ಇದರಿಂದ ದೊರೆಯುವ ಸುಖಕ್ಕಿಂತ ಬಲವಾದ ಕೇಡು ಇದರ ಬೆನ್ನಹಿಂದೆ ಬರುವುದಿಲ್ಲವೆಂಬ ಅರಿವು ಮೂರನೆಯದು. ಜೇನೂ ವಿಷವೂ ಬೆರೆತ ಅನ್ನವನ್ನು ಅವರು ಇದಕ್ಕೆ ದೃಷ್ಟಾಂತವಾಗಿ ಕೊಡುತ್ತಾರೆ. ಅನ್ನವನ್ನು ಉಣ್ಣಲು ಶಕ್ತಿಯುಂಟು. ಅದು ಹಸಿವನ್ನು ತೀರಿಸುವುದೂ ದಿಟ, ಸಿಹಿಯಾಗಿರುವುದೂ ದಿಟ. ಆದರೂ ವಿಷವಿದೆಯೆಂದು ತಿಳಿದವನು ಕೈಯನ್ನು ಹಿಂದೆಗೆಯುತ್ತಾನೆ.

ಗೆರೆಯ ಬಳಿ ಕುಣಿಯುವ ನಾಯಿಗೆ ಮೊದಲಿನ ಎರಡು ಅರಿವುಗಳೂ ಒಂದು ಬಗೆಯಲ್ಲಿ ಉಂಟು. ತಾನು ಹಾರಬಲ್ಲೆನೆಂಬುದನ್ನು ಅದರ ಮೈ ಬಲ್ಲದು. ಚೆಂಡು ತನಗೆ ಪ್ರಿಯವೆಂಬುದನ್ನು ಅದರ ಮನಸ್ಸು ಬಲ್ಲದು. ಮೂರನೆಯದು ಮಾತ್ರ ಅದಕ್ಕೆ ಇಲ್ಲ. ನೂರು ಬಾರಿ ತಿರುಗಿದ ಹೆಗಲಿಗೆ ಮುಂದೊಂದು ದಿನ ಏನಾಗಬಹುದೆಂಬುದನ್ನು ಅದು ಕಾಣಲಾರದು. ಚೆಂಡಿನ ಮೋಹ ಬಲವಾಗಿರುವ ನಾಯಿಯು ಕಾಲುಳುಕಿದ್ದರೂ ಓಡುತ್ತದೆ, ಪಾದದಡಿಯ ಚರ್ಮವು ಕಿತ್ತಿದ್ದರೂ ಓಡುತ್ತದೆ, ಬಿಸಿಲಿಗೆ ನಾಲಗೆಯು ಜೋಲಿದ್ದರೂ ಓಡುತ್ತದೆ. ಸಾಕು ಎಂದು ಹೇಳುವ ನಾಯಿಗಿಂತ ಸಾಕು ಎಂದು ಹೇಳದಿರುವ ನಾಯಿಗೇ ಈ ಆಟದಲ್ಲಿ ಹೆಚ್ಚಿನ ಅಪಾಯ. ಆದುದರಿಂದ ಅದರ ಉತ್ಸಾಹವನ್ನು ಸಾಕ್ಷಿಯಾಗಿ ಕರೆಯುವವರು ಅರ್ಧಸಾಕ್ಷ್ಯವನ್ನು ಮಾತ್ರ ತಂದಂತಾಯಿತು. ಉಳಿದರ್ಧವನ್ನು ಒಡೆಯನೇ ತರಬೇಕು. ನಾಯಿಗೆ ಇಲ್ಲದ ಆ ಮೂರನೆಯ ಅರಿವನ್ನು ಅದರ ಪರವಾಗಿ ಹೊತ್ತಿರುವವನೇ ನಿಜವಾದ ಒಡೆಯನು.

ಹಾಗಾದರೆ ಆಟದ ಗೊಡವೆಯೇ ಬೇಡ, ನಾಯಿಯನ್ನು ಅದರ ಪಾಡಿಗೆ ಬಿಡುವುದು ಲೇಸು ಎಂದು ಕೆಲವರು ಹೇಳಬಹುದು. ಈ ಮಾತು ಕರುಣೆಯಂತೆ ಕಂಡರೂ ವಿಚಾರಕ್ಕೆ ನಿಲ್ಲುವುದಿಲ್ಲ. ನಾಯಿಯು ಸಾವಿರಾರು ವರ್ಷಗಳಿಂದ ಮನುಷ್ಯನ ಜೊತೆಯಲ್ಲಿ ದುಡಿಯುತ್ತ ಬಂದ ಪ್ರಾಣಿ. ಬಾರ್ಡರ್ ಕಾಲಿಯಂತಹ ನಾಯಿಯನ್ನು ಸ್ಕಾಟ್ಲೆಂಡಿನ ಮತ್ತು ಇಂಗ್ಲೆಂಡಿನ ಗಡಿಯ ಗುಡ್ಡಗಳಲ್ಲಿ ದಿನವಿಡೀ ಕುರಿಗಳ ಹಿಂದೆ ಓಡಲೆಂದೇ ತಲೆಮಾರುಗಳಿಂದ ಆರಿಸಿ ಬೆಳೆಸಿದರು. ಅದನ್ನು ಪಟ್ಟಣದ ಮನೆಗೆ ತಂದು, ಕದವನ್ನು ಮುಚ್ಚಿ, ಬೆಳಗಿನಿಂದ ಬೈಗಿನವರೆಗೆ ಸುಮ್ಮನೆ ಮಲಗಿರು ಎನ್ನುವುದು ಅದರ ಪಾಡಿಗೆ ಬಿಟ್ಟಂತಲ್ಲ. ಅಂತಹ ನಾಯಿಯು ಪೀಠೋಪಕರಣಗಳನ್ನು ಕಡಿಯುತ್ತದೆ, ತನ್ನ ಬಾಲವನ್ನೇ ಅಟ್ಟಿಸಿಕೊಂಡು ಸುತ್ತುತ್ತದೆ, ಗೋಡೆಯ ಮೇಲಿನ ನೆರಳಿಗೆ ಬೊಗಳುತ್ತದೆ. ಓಡಿಸುವುದು ಹೇಗೆ ಒಡೆಯನ ತೀರ್ಮಾನವೋ ಹಾಗೆಯೇ ಓಡಿಸದಿರುವುದೂ ಅವನದೇ ತೀರ್ಮಾನ. ಅಪ್ರಾಪ್ತವಯಸ್ಕನ ಸೊತ್ತನ್ನು ಅವನು ದೊಡ್ಡವನಾಗುವವರೆಗೆ ರಾಜನು ಕಾಪಾಡತಕ್ಕದ್ದೆಂದು ಮನುಸ್ಮೃತಿಯು ವಿಧಿಸುತ್ತದೆ. ಕಾಪಾಡುವುದೆಂದರೆ ಬೀಗಹಾಕಿ ಮರೆಯುವುದಲ್ಲ. ಹೊಲವಾದರೆ ಉಳಿಸಬೇಕು, ಹಸುವಾದರೆ ಮೇಯಿಸಬೇಕು. ನಾಯಿಯ ವಿಷಯದಲ್ಲಿ ಈ ಹೊಣೆಗೆ ಒಂದು ವಿಶೇಷವುಂಟು. ಮಗುವು ಒಂದು ದಿನ ದೊಡ್ಡದಾಗಿ ತನ್ನ ಲೆಕ್ಕವನ್ನು ಕೇಳುತ್ತದೆ. ನಾಯಿಯು ಎಂದಿಗೂ ದೊಡ್ಡದಾಗದು, ಎಂದಿಗೂ ಲೆಕ್ಕವನ್ನು ಕೇಳದು. ಕೇಳುವವರಿಲ್ಲದ ಲೆಕ್ಕವನ್ನು ಸರಿಯಾಗಿ ಇಡುವುದೇ ಇಲ್ಲಿಯ ಕಷ್ಟ.

ಲೆಕ್ಕ ತಪ್ಪುವುದಾದರೂ ಎಲ್ಲಿ? ಕ್ರೂರರಾದವರಿಂದ ತಪ್ಪುವುದಕ್ಕಿಂತ ಹೆಚ್ಚಾಗಿ ಒಳ್ಳೆಯವರಿಂದಲೇ ತಪ್ಪುತ್ತದೆ. ಈ ಆಟದಲ್ಲಿ ಒಂದು ಅಂಕದ ಪದ್ಧತಿಯುಂಟು. ಉತ್ತರ ಅಮೆರಿಕದ ಸಂಘದ ನಿಯಮದಂತೆ, ತಂಡದ ಓಟವು ೩೨ ಸೆಕೆಂಡುಗಳೊಳಗೆ ಮುಗಿದರೆ ಓಡಿದ ಪ್ರತಿಯೊಂದು ನಾಯಿಗೂ ೧ ಅಂಕ, ೨೮ರೊಳಗೆ ಮುಗಿದರೆ ೫, ೨೪ರೊಳಗೆ ಮುಗಿದರೆ ೨೫. ಇಪ್ಪತ್ತು ಅಂಕಗಳಾದ ನಾಯಿಗೆ ಮೊದಲನೆಯ ಬಿರುದು. ವೇಗದ ನಾಯಿಗೂ ನಿಧಾನದ ನಾಯಿಗೂ ಅಂಕವು ಸಮಾನ. ಇದು ಚೆಲುವಾದ ಏರ್ಪಾಡು. ಫಲವನ್ನು ಸಮವಾಗಿ ಹಂಚಿಕೊಳ್ಳುವ ಕುಟುಂಬದಂತಿದೆ. ಆದರೆ ಫಲವು ಹಂಚಿಕೆಯಾದ ಕಡೆ ನಷ್ಟವೂ ಹಂಚಿಕೆಯಾಗುತ್ತದೆ. ಒಂದು ನಾಯಿ ಓಡದಿದ್ದರೆ ಮೂರು ಮನೆಗಳವರ ಶ್ರಮವು ವ್ಯರ್ಥವಾಗಬಹುದು.

ಒಂದು ಸಂದರ್ಭವನ್ನು ಭಾವಿಸಿಕೊಳ್ಳೋಣ. ದಿನದ ಕಡೆಯ ಸುತ್ತು. ತಂಡದವರು ಮುಂಜಾನೆ ಎದ್ದು ಬಹುದೂರ ಪ್ರಯಾಣಮಾಡಿ ಬಂದಿದ್ದಾರೆ. ನಾಲ್ಕನೆಯ ನಾಯಿಯ ಒಡತಿಯು ತನ್ನ ನಾಯಿಯ ಕಳೆದ ತಿರುವು ಎಂದಿನಂತೆ ಇರಲಿಲ್ಲವೆಂಬುದನ್ನು ಕಂಡಿದ್ದಾಳೆ. ಎಡಗಾಲನ್ನು ಅದು ಒಂದು ಕ್ಷಣ ಹಗುರವಾಗಿ ಊರಿತೆಂದು ಅವಳಿಗೆ ತೋರಿತು. ಬೇರೆ ಯಾರೂ ಅದನ್ನು ಕಂಡಿಲ್ಲ. ನಾಯಿಯಾದರೋ ಮತ್ತೆ ಓಡಲು ಕುಣಿಯುತ್ತಿದೆ. ಜೊತೆಯವರು ಸಂತೋಷದಿಂದ ಅವಳ ಮುಖವನ್ನು ನೋಡುತ್ತಿದ್ದಾರೆ. ಅವರು ಒರಟರಲ್ಲ, ಸ್ನೇಹಿತರು. ಅಲ್ಲಿರುವ ಯಾರ ಬಾಯಲ್ಲಿಯೂ ಕೆಟ್ಟ ಮಾತಿಲ್ಲ. ಅವಳು ಸುಮ್ಮನಿದ್ದರೆ ಸಾಕು, ಎಲ್ಲವೂ ಮುಂದುವರಿಯುತ್ತದೆ. ಜನಮೇಜಯನ ತಮ್ಮಂದಿರ ಮೌನಕ್ಕೂ ಈ ಮೌನಕ್ಕೂ ಹೊರನೋಟಕ್ಕೆ ಯಾವ ಹೋಲಿಕೆಯೂ ಇಲ್ಲ. ಆದರೆ ಮರುದಿನ ನಾಯಿಯು ಏಳಲಾರದೆ ಮಲಗಿ, ಏಕೆ ಓಡಿಸಿದೆ ಎಂದು ಕಣ್ಣಿನಿಂದ ಕೇಳಿದರೆ ಇವಳಲ್ಲಿಯೂ ಉತ್ತರವಿರುವುದಿಲ್ಲ.

ತಂಡಕ್ಕೆ ಕೊಟ್ಟ ಮಾತೂ ಒಂದು ಧರ್ಮವಲ್ಲವೆ? ಸಂದೇಹವಿಲ್ಲ. ಆದರೆ ತಂಡದ ಮನುಷ್ಯರು ತಮ್ಮ ನಷ್ಟವನ್ನು ತಾವು ಅರಿಯಬಲ್ಲರು, ಬೇಸರವನ್ನು ಬಾಯಿಬಿಟ್ಟು ಹೇಳಬಲ್ಲರು, ಇನ್ನೊಂದು ದಿನ ತುಂಬಿಕೊಳ್ಳಬಲ್ಲರು. ನಾಯಿಗೆ ಈ ಮೂರೂ ಇಲ್ಲ. ಎರಡು ಧರ್ಮಗಳು ಎದುರಾದಾಗ, ತನ್ನ ಪಕ್ಷವನ್ನು ತಾನು ಹೇಳಿಕೊಳ್ಳಲಾರದವನ ಕಡೆಗೆ ತಕ್ಕಡಿಯು ಬಾಗುವುದೇ ನ್ಯಾಯ. ಆಟದ ನಿಯಮವೂ ಇದಕ್ಕೆ ಎಡೆಯಿಟ್ಟಿದೆ. ಒಂದು ಸುತ್ತಿನಲ್ಲಿ ಓಡುವುವು ನಾಲ್ಕೇ ಆದರೂ ತಂಡದ ಪಟ್ಟಿಯಲ್ಲಿ ಆರು ನಾಯಿಗಳವರೆಗೆ ಬರೆಯಿಸಬಹುದು. ಇಲ್ಲ ಎನ್ನುವವರಿಗೆ ಸ್ಥಳವಿರಬೇಕೆಂಬ ವಿವೇಕವು ಈ ಏರ್ಪಾಡಿನಲ್ಲಿ ಕಾಣುತ್ತದೆ. ಹೊಸದಾಗಿ ಬಂದ ಒಡೆಯನಿಗೆ ಹಲಗೆಯನ್ನೂ ಪೆಟ್ಟಿಗೆಯನ್ನೂ ತೋರಿಸುವುದಕ್ಕೆ ಮುಂಚೆಯೇ ಈ ಮಾತನ್ನು ತಿಳಿಸಬೇಕು. ನಿನ್ನ ನಾಯಿಯನ್ನು ಯಾವ ಸುತ್ತಿನಿಂದಲಾದರೂ ನೀನು ಹಿಂದಕ್ಕೆ ಕರೆದುಕೊಳ್ಳಬಹುದು, ಕಾರಣವನ್ನು ಯಾರೂ ಕೇಳುವುದಿಲ್ಲ ಎಂಬ ಅಭಯವನ್ನು ತಂಡದ ನಾಯಕನು ಮೊದಲ ದಿನವೇ ಕೊಟ್ಟಿದ್ದರೆ, ಮೇಲೆ ಹೇಳಿದ ಒಡತಿಯು ಕಡೆಯ ಸುತ್ತಿನಲ್ಲಿ ಅಷ್ಟು ಒಂಟಿಯಾಗಿ ನಿಲ್ಲಬೇಕಾಗುತ್ತಿರಲಿಲ್ಲ.

ನಾಯಿಯ ಸಾಹಸವನ್ನು ಗೌರವಿಸುವುದರಲ್ಲಿ ಕನ್ನಡನಾಡು ಹಿಂದೆಬಿದ್ದುದಲ್ಲ. ಮಂಡ್ಯ ಜಿಲ್ಲೆಯ ಆತಕೂರಿನ ಹತ್ತನೆಯ ಶತಮಾನದ ಶಾಸನವು ಕಾಳಿಯೆಂಬ ಬೇಟೆನಾಯಿಯ ನೆನಪಿಗಾಗಿ ನಿಂತದ್ದು. ಮಣಲೆರನೆಂಬ ವೀರನು ಯುದ್ಧದಲ್ಲಿ ಮೆರೆದುದಕ್ಕೆ ಮೆಚ್ಚುಗೆಯಾಗಿ ಆ ನಾಯಿಯನ್ನೇ ಕೇಳಿ ಪಡೆದನು. ಅದು ಒಂದು ದೊಡ್ಡ ಕಾಡುಹಂದಿಯೊಡನೆ ಹೋರಾಡಿತು. ಹಂದಿಯೂ ಸತ್ತಿತು, ನಾಯಿಯೂ ಸತ್ತಿತು. ಮಣಲೆರನು ಕಲ್ಲನ್ನು ನಿಲ್ಲಿಸಿ, ಅದರ ಪೂಜೆಗೆಂದು ಭೂಮಿಯನ್ನು ಬಿಟ್ಟನು. ಅವನ ಪ್ರೀತಿಯಲ್ಲಿ ಕಪಟವಿಲ್ಲ. ಬೇಟೆಯೇ ಬದುಕಾಗಿದ್ದ ಕಾಲದಲ್ಲಿ ಸತ್ತ ನಾಯಿಗೆ ಕಲ್ಲನ್ನು ನಿಲ್ಲಿಸುವುದೇ ಪರಮಗೌರವವಾಗಿತ್ತು. ಆದರೆ ಆಟಕ್ಕೆ ಬೇಟೆಯ ನೆಪವಿಲ್ಲ. ಹೊಲವನ್ನು ಉಳಿಸುವ ಕಾರಣವೂ ಇಲ್ಲ, ಅನ್ನವನ್ನು ತರುವ ಕಾರಣವೂ ಇಲ್ಲ. ಯಾವ ಅಗತ್ಯವೂ ಇಲ್ಲದ ಕಡೆ ನಾಯಿಗೆ ಕೇಡಾದರೆ, ಬಳಿಕ ಯಾವ ಬಿರುದನ್ನು ಕೊಟ್ಟರೂ, ಯಾವ ಕಲ್ಲನ್ನು ನಿಲ್ಲಿಸಿದರೂ ಅದು ಉತ್ತರವಾಗದು.

ಈಗ ಆರಂಭದಲ್ಲಿ ಸೂಚಿಸಿದ ನಿಯಮಕ್ಕೆ ಬರಬಹುದು. ಅಡ್ಡಹಲಗೆಗಳ ಎತ್ತರವನ್ನು ಗೊತ್ತುಮಾಡುವುದು ತಂಡದ ಅತಿ ದೊಡ್ಡ ನಾಯಿಯಿಂದಲ್ಲ, ನಾಲ್ಕರ ಸರಾಸರಿಯಿಂದಲೂ ಅಲ್ಲ. ಓಡುವ ನಾಲ್ಕರಲ್ಲಿ ಅತಿ ಗಿಡ್ಡವಾದ ನಾಯಿ ಯಾವುದೋ ಅದನ್ನು ತೀರ್ಪುಗಾರರು ಅಳೆಯುತ್ತಾರೆ; ಭುಜದ ಎತ್ತರವನ್ನೋ ಮುಂಗಾಲಿನ ಎಲುಬನ್ನೋ ಆಯಾ ಸಂಘದ ಕ್ರಮದಂತೆ ಅಳೆಯುತ್ತಾರೆ. ಆ ಅಳತೆಗೆ ತಕ್ಕಂತೆ ನಾಲ್ಕು ನಾಯಿಗಳಿಗೂ ಹಲಗೆಗಳನ್ನು ಇಡುತ್ತಾರೆ. ಎತ್ತರವಾದ ನಾಯಿಗಳು ಗಿಡ್ಡನಾಯಿಯ ಹಲಗೆಗಳ ಮೇಲೆಯೇ ಹಾರಿಹೋಗುತ್ತವೆ. ಇದರಿಂದ ಅವುಗಳ ಕೀಲುಗಳಿಗೂ ಬಾಧೆ ಕಡಿಮೆ.

ಇದರಲ್ಲಿ ಧರ್ಮವೇನು ಬಂದಿತು, ಹಲಗೆಯು ತಗ್ಗಾದರೆ ಓಟವು ವೇಗವಾಗುತ್ತದೆ, ಅದಕ್ಕಾಗಿಯೇ ತಂಡಗಳು ಗಿಡ್ಡನಾಯಿಯನ್ನು ಹುಡುಕಿ ಸೇರಿಸಿಕೊಳ್ಳುತ್ತವೆ ಎಂದು ಆಕ್ಷೇಪಿಸಬಹುದು. ಆಕ್ಷೇಪವು ನಿಜ. ಆದರೆ ಒಳ್ಳೆಯ ನಿಯಮದ ಲಕ್ಷಣವೇ ಅದು. ಬಲಶಾಲಿಗಳು ಅಶಕ್ತನನ್ನು ಬರಿಯ ಕರುಣೆಯಿಂದ ಜೊತೆಗಿಟ್ಟುಕೊಂಡರೆ ಕರುಣೆ ಬತ್ತಿದ ದಿನ ಅವನು ಹೊರಗಾಗುತ್ತಾನೆ. ಅವನಿಂದ ತಮಗೂ ಹಿತವುಂಟೆಂಬಂತೆ ವ್ಯವಸ್ಥೆಯನ್ನು ಕಟ್ಟಿದರೆ ಅವನ ಸ್ಥಾನವು ಭದ್ರವಾಗುತ್ತದೆ. ನಿಯಮವನ್ನು ಮಾಡಿದವರ ಮನಸ್ಸಿನಲ್ಲಿ ಏನಿದ್ದರೂ ಇರಲಿ, ಅದರಲ್ಲಿ ಹುದುಗಿರುವ ತತ್ತ್ವವನ್ನು ಹೊರಕ್ಕೆ ತೆಗೆದುಕೊಳ್ಳುವುದಕ್ಕೆ ಅಡ್ಡಿಯಿಲ್ಲ.

ಆ ತತ್ತ್ವವನ್ನು ಇನ್ನೊಂದು ಹೆಜ್ಜೆ ಮುಂದಕ್ಕೆ ಒಯ್ಯಬೇಕು. ತಂಡದಲ್ಲಿರುವುವು ನಾಲ್ಕು ನಾಯಿಗಳು ಮಾತ್ರವಲ್ಲ. ನಾಲ್ಕು ನಾಯಿಗಳೂ ನಾಲ್ವರು ಮನುಷ್ಯರೂ ಸೇರಿ ಒಟ್ಟು ಎಂಟು ಮಂದಿಯ ತಂಡವದು. ಈ ಎಂಟು ಮಂದಿಯಲ್ಲಿ ಮೈಯ ಎತ್ತರದಿಂದ ಗಿಡ್ಡವಾದುದು ಯಾವುದಾದರೂ ಆಗಿರಲಿ, ಅರಿವಿನ ಎತ್ತರದಿಂದ ಗಿಡ್ಡವಾದುವು ನಾಯಿಗಳೇ. ಆಟದ ಕಾರಣವನ್ನು ಅರಿಯದುವು, ನಾಳೆಯನ್ನು ಕಾಣದುವು, ಬೇಡವೆನ್ನಲು ಮಾತಿಲ್ಲದುವು ಅವೇ. ಹಲಗೆಯ ಎತ್ತರವನ್ನು ಗಿಡ್ಡನಾಯಿಯಿಂದ ಅಳೆಯುವಂತೆ, ಎಷ್ಟು ಓಡಬೇಕು, ಎಂದು ನಿಲ್ಲಬೇಕು, ಏನನ್ನು ಗೆಲವೆನ್ನಬೇಕು ಎಂಬುದನ್ನೂ ಅವುಗಳಿಂದಲೇ ಅಳೆಯುವುದು ನ್ಯಾಯ. ಮನುಷ್ಯನು ತನ್ನ ಆಸೆಯ ಎತ್ತರಕ್ಕೆ ಹಲಗೆಯನ್ನು ಇಡತಕ್ಕದ್ದಲ್ಲ. ಹೀಗೆ ಅಳೆದು ಆಡಿಸಿದವನು ಸರಮೆಯ ಪ್ರಶ್ನೆಗೆ ನೇರವಾಗಿ ಉತ್ತರಕೊಡಬಲ್ಲನು. ಇದು ಅವನಿಗೆ ಪ್ರಿಯವಾಗಿತ್ತು, ಇದರಿಂದ ಅವನಿಗೆ ಕೇಡು ಬರದಂತೆ ನಾನು ಕಾದಿದ್ದೆನು, ಬರುವುದೆಂದು ತೋರಿದಾಗ ನಿಲ್ಲಿಸಿದೆನು ಎಂದು ಹೇಳಬಲ್ಲನು.

ಈ ಉತ್ತರವು ದಿಟವೋ ಅಲ್ಲವೋ ಎಂಬುದು ಪಂದ್ಯದ ದಿನಕ್ಕಿಂತ ಹೆಚ್ಚಾಗಿ ಅದರ ಅನಂತರದ ವರ್ಷಗಳಲ್ಲಿ ಗೊತ್ತಾಗುತ್ತದೆ. ನಾಯಿಯ ಆಯುಸ್ಸು ಚಿಕ್ಕದು. ಓಟದ ಪ್ರಾಯವು ಅದಕ್ಕಿಂತ ಚಿಕ್ಕದು. ಮೂತಿಯು ನರೆತು, ಹಿಂಗಾಲು ಬಿಗಿದು, ತಂಡದ ಪಟ್ಟಿಯಿಂದ ಹೆಸರು ಹೋದ ಮೇಲೂ ಆ ನಾಯಿಯು ಅಂಗಳದ ಸದ್ದನ್ನು ಮರೆಯುವುದಿಲ್ಲ. ಪೆಟ್ಟಿಗೆಯ ಸದ್ದು ಕೇಳಿದೊಡನೆ ಅದು ಕಿವಿನಿಮಿರಿ ಎದ್ದುನಿಲ್ಲುತ್ತದೆ. ಅಂಕವನ್ನು ತರಲಾರದ ಆ ನಾಯಿಯನ್ನೂ ಜೊತೆಗೆ ಕರೆತಂದು, ಸುತ್ತುಗಳೆಲ್ಲ ಮುಗಿದು ಜನರು ಚದುರಿದ ಬಳಿಕ, ಹಲಗೆಗಳನ್ನು ಪಕ್ಕಕ್ಕೆ ತೆಗೆದಿಟ್ಟು, ಬರಿಯ ನೆಲದ ಮೇಲೆ ಅದಕ್ಕೊಂದು ಚೆಂಡನ್ನು ಮೆಲ್ಲಗೆ ಉರುಳಿಸುವ ಒಡೆಯರು ಉಂಟು. ಅದು ನಡೆಯುತ್ತ ಹೋಗಿ ಚೆಂಡನ್ನು ಕಚ್ಚಿಕೊಂಡು, ತನ್ನ ಹೊತ್ತನ್ನು ತೆಗೆದುಕೊಂಡು ಹಿಂದಿರುಗುತ್ತದೆ. ಆ ಓಟಕ್ಕೆ ಗಡಿಯಾರವನ್ನು ಯಾರೂ ಹಿಡಿಯುವುದಿಲ್ಲ.